ಪರದೆಗೆ ಬಾರದ ಸಾಲು

ಮುಖ್ಯ ವೈದ್ಯರಿಗೆ,

ನಮಸ್ಕಾರ. ಅಪಾಯ ಸೂಚಿಸುವ ರಕ್ತಪರೀಕ್ಷೆಯ ವರದಿಯೊಂದನ್ನು ಗಮನಿಸಲಿಲ್ಲವೆಂದು ಮೂರನೇ ವಾರ್ಡಿನ ನರ್ಸನ್ನು ನೀವು ಕೆಲಸದಿಂದ ದೂರ ಇಟ್ಟಿದ್ದೀರಿ. ಆ ವರದಿ ಅವರ ಪರದೆಗೆ ಬಂದೇ ಇರಲಿಲ್ಲ.

ಪ್ರಯೋಗಾಲಯದ ಫೈಲಿನಿಂದ ‘ಅಪಾಯ’ ಎಂದಿರುವ ಸಾಲುಗಳನ್ನು ಹೆಕ್ಕಿ ವಾರ್ಡಿಗೆ ಕಳಿಸುವುದು ಸರ್ವರಿನಲ್ಲಿ ತಾನೇ ಓಡುವ ಒಂದು ಸಣ್ಣ ಕಮಾಂಡ್. ಸರ್ವರ್ ಅಪ್‌ಗ್ರೇಡ್ ಆದ ಮೇಲೆ ಅದರ ವರಸೆ ಬದಲಾಗಿದೆ. ತನಗೆ ಓದಲಾಗದ ಒಂದೇ ಒಂದು ಅಕ್ಷರ ಸಿಕ್ಕರೂ ಇಡೀ ಫೈಲು ಬರಹವೇ ಅಲ್ಲವೆಂದು ತೀರ್ಮಾನಿಸಿ, ಮುಂದಿನ ಸಾಲುಗಳನ್ನೆಲ್ಲ ನುಂಗಿಬಿಡುತ್ತದೆ. ಆ ದಿನ ಯಾರದೋ ಹೆಸರಿನಲ್ಲಿ ಅಂಥ ಅಕ್ಷರವಿತ್ತು; ಈ ವರದಿಯ ಸಾಲು ಅದರ ಕೆಳಗಿತ್ತು. ಅದೇ ಫೈಲನ್ನು ಹಳೆಯ ಯಂತ್ರದಲ್ಲೂ ಹೊಸದರಲ್ಲೂ ಓಡಿಸಿ ಖಚಿತಪಡಿಸಿಕೊಂಡೆ. ಕಮಾಂಡನ್ನು ಸರಿಪಡಿಸಿದ್ದೇನೆ. ರೋಗಿ ಚೇತರಿಸಿಕೊಂಡದ್ದು ನಮ್ಮೆಲ್ಲರ ಪುಣ್ಯ.

ನರ್ಸ್ ಮಾತ್ರ ತಪ್ಪು ತಮ್ಮದೇ ಎಂದು ನಂಬಿದ್ದಾರೆ. “ಬಂದಿರತ್ತೆ, ನಾನೇ ನೋಡಿಲ್ಲ,” ಅನ್ನುತ್ತಾರೆ. ಸಮವಸ್ತ್ರವನ್ನು ಇಸ್ತ್ರಿ ಮಾಡಿ, ಮಡಿಚಿ, ಟ್ರಂಕಿನ ತಳಕ್ಕೆ ಹಾಕಿದ್ದಾರೆ. ಊಟ ಸರಿಯಾಗಿ ಮಾಡುತ್ತಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಆದದ್ದೇನೆಂದು ನಿಮ್ಮ ಕೈಯಿಂದಲೇ ಅವರಿಗೆ ನಾಲ್ಕು ಸಾಲು ಬರೆಯಿರಿ. ನಾನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ತೋರಿಸಿದೆ. “ಗಂಡನಾದವರು ಇನ್ನೇನು ಹೇಳ್ತೀರಿ, ಬಿಡಿ,” ಅಂದರು.

ವಿಶ್ವಾಸದಿಂದ,
ಸರ್ವರ್ ಕೋಣೆಯ ಮೇಲ್ವಿಚಾರಕ