ಇಪ್ಪತ್ತೆರಡು ಓಮ್, ಉದ್ದ ಕಾಲು

7 ಮಾರ್ಚ್ 1994, ಸೇಲಂ ಹಾಸ್ಟೆಲ್

ಇವತ್ತೂ ಅದೇ ಹಾಡು. ಕಾಲೇಜು ಪ್ರಾಜೆಕ್ಟಿನ ಟಿವಿ ಬೂಸ್ಟರ್ ಜೋಡಿಸಿದೆ, ಆ್ಯಂಟೆನಾ ಸಿಕ್ಕಿಸಿದೆ — ಚಿತ್ರ ಇನ್ನೂ ಮಸುಕು. ಬೂಸ್ಟರ್ ಇಲ್ಲದಿದ್ದರೇ ವಾಸಿ. ಒಂದೇ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್. ಮೀಟರ್ ಹಿಡಿದು ನೋಡಿದೆ, ಎಲ್ಲ ಸರಿ. ಟ್ರಾನ್ಸಿಸ್ಟರಿನ ಎಮಿಟರ್ ಕಾಲಿಗೆ ಹಾಕಿದ ರೆಸಿಸ್ಟರ್ 22 ಓಮ್ ಅಂದರೆ 22 ಓಮ್. ಮತ್ತೇನು ರೋಗ ಇದಕ್ಕೆ?

ಕನ್ನಡದಲ್ಲಿ ಬರೆಯುವುದು ಒಳ್ಳೆಯದೇ ಆಯಿತು. ಹೊಸೂರಿನ ಅಜ್ಜಿಮನೆಯಲ್ಲಿ ಕಲಿತ ಅಕ್ಷರ. ರೂಮಿನ ಹುಡುಗಿಯರಿಗೆ ಓದಲು ಬಾರದು.

12 ಮಾರ್ಚ್, ಪಾಪಿರೆಡ್ಡಿಪಟ್ಟಿ

ಊರಿಗೆ ಬಂದೆ. ಅಪ್ಪ ಕುರಿ ಕೂಡಿಹಾಕಿ ಬಂದು ಪ್ರಾಜೆಕ್ಟ್ ಏನಾಯಿತು ಎಂದ. ಸುಳ್ಳು ಬಾಯಿಗೆ ಬರಲಿಲ್ಲ, ಇನ್ನೂ ಕೆಲಸ ಮಾಡುತ್ತಿಲ್ಲ ಎಂದೆ.

“ಪೇಲಾದ್ರೆ ಇನ್ನೊಂದ್ ವರ್ಸ ಓದ್ಸಾಕಾಗಲ್ಲ ಮೀನಾ. ಏರ್ಕಾಡ್ ಎಸ್ಟೇಟ್‌ನಾಗೆ ನಿಮ್ಮಕ್ಕ ಅವ್ಳೆ, ಓಗು. ಕಾಪಿ ಬಿಡ್ಸಾಕೆ ನಿಂಗೂ ಒಂದ್ ಬುಟ್ಟಿ ತಂದ್ ಮಡಗಿವ್ನಿ.”

ಜಂತಿಯಲ್ಲಿ ನೇತಾಡುತ್ತಿದೆ, ಹೊಸ ಬುಟ್ಟಿ. ಅಪ್ಪನ ಮೇಲೆ ಸಿಟ್ಟು. ಬುಟ್ಟಿಯ ಮೇಲೆ ಇನ್ನೂ ಸಿಟ್ಟು.

22 ಮಾರ್ಚ್, ಲ್ಯಾಬ್

ಸಿಕ್ಕಿತು!

ಆ 22 ಓಮ್ ರೆಸಿಸ್ಟರ್ ಬೋರ್ಡಿನ ಮೇಲೆ ಕೊಕ್ಕರೆಯ ಹಾಗೆ ಉದ್ದ ಕಾಲಿನಲ್ಲಿ ನಿಂತಿತ್ತು. ಪೆನ್ಸಿಲಿನಿಂದ ಒತ್ತಿದೆ — ಚಿತ್ರ ಚೂರು ಬದಲಾಯಿತು. ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಮೀಟರಿನ ಬ್ಯಾಟರಿಗೆ ಕಾಲಿನ ಒಂದಿಂಚು ತಂತಿ ಲೆಕ್ಕಕ್ಕೇ ಇಲ್ಲ. ಆದರೆ ಟಿವಿ ಸಿಗ್ನಲ್ ಸೆಕೆಂಡಿಗೆ ಇಪ್ಪತ್ತು ಕೋಟಿ ಸಲ ಅತ್ತಿತ್ತ ಓಡುವಂಥದು. ಅದಕ್ಕೆ ಆ ಒಂದಿಂಚೇ ಸುಮಾರು 25 ಓಮ್ ತಡೆ. ಎರಡು ಕಾಲಿಗೆ 50. ಮೂಗಿಗಿಂತ ಮೂಗುತಿ ಭಾರ.

ಕಾಲು ಕತ್ತರಿಸಬೇಕು. ಅದೇ ಆಗದ ಮಾತು... ಪಾರ್ಟುಗಳೆಲ್ಲ ಕಾಲೇಜು ಸ್ಟೋರಿನವು. ಪರೀಕ್ಷೆ ಮುಗಿದ ಮೇಲೆ ಬಿಚ್ಚಿ, ಕಾಲು ಸಮೇತ ಹಿಂದಿರುಗಿಸಬೇಕು.

23 ಮಾರ್ಚ್

ಸ್ಟೋರಿನ ಕುಪ್ಪಸ್ವಾಮಿ ಸಾರ್‌ರನ್ನು ಕೇಳಿದೆ. ಧರ್ಮಪುರಿ ಕಡೆಯವರು, ಮನೆಮಾತು ನಮ್ಮದೇ. ಕರಗಿಯಾರು ಅಂದುಕೊಂಡಿದ್ದೆ.

“ಕಾಲ್ ಕತ್ರಿಸ್ದ್ರೆ ಬರೋ ವರ್ಸದ್ ಪಿಳ್ಳೆಗಳ್ಗೆ ಏನ್ ಕೊಡ್ಲಿ? ಮುಡಿಯಾದು, ಆಗಾಕಿಲ್ಲ. ಓಗಮ್ಮ.”

28 ಮಾರ್ಚ್, ಮಧ್ಯಾಹ್ನ 2

ಸಾರ್ ಊಟಕ್ಕೆ ಹೋಗಿದ್ದರು. ಕತ್ತರಿಸಿಬಿಟ್ಟೆ. ಒಂದು ಕಾಲು ಮಾತ್ರ — ಪೂರ್ತಿ ಧೈರ್ಯ ಬರಲಿಲ್ಲ. ಬೆಸುಗೆ ಹಾಕಿ ಸ್ವಿಚ್ ಒತ್ತಿದೆ. ಮಸುಕಿನೊಳಗಿಂದ ಒಂದು ಮುಖ ಮೂಡಿತು. ತಿರುಗಿದರೆ ಬೆನ್ನ ಹಿಂದೆ ಸಾರ್.

ಟಿವಿ ನೋಡಿದರು. ಬೋರ್ಡ್ ನೋಡಿದರು. ಬೂಸ್ಟರ್ ತೆಗೆದರು, ಹಾಕಿದರು, ಮತ್ತೆ ತೆಗೆದರು.

“ಆ ಕಡೆ ಕಾಲ್ ಯಾಕ್ ಬುಟ್ಟಿದೀಯ?”

ಜೇಬಿನಿಂದ ತಮ್ಮದೇ ಕಟರ್ ತೆಗೆದುಕೊಟ್ಟರು. ನನಗೆ ಅಳು ಬಂತು. ತೋರಿಸಿಕೊಳ್ಳಲಿಲ್ಲ.

8 ಏಪ್ರಿಲ್, ಸಂಜೆ

ಡೆಮೊ ಮುಗಿಯಿತು. ವಾರ್ತೆ ಓದುವವಳ ಓಲೆಯ ಕಲ್ಲು ಕೂಡ ಕಾಣುತ್ತಿತ್ತು. ಹೊರಗಿನಿಂದ ಬಂದ ಎಕ್ಸಾಮಿನರ್, ಕಾಲು ಯಾಕಿಷ್ಟು ಗಿಡ್ಡ ಎಂದರು. ಹೇಳಿದೆ, ತಡವರಿಸದೆ. ಪಾಸ್ ಎಂದರು, ಅಲ್ಲೇ, ಎಲ್ಲರ ಮುಂದೆ.

ಸ್ಟೋರಿನಲ್ಲಿ ಹೊಸ ಡಬ್ಬಿ ಬಂದಿದೆ. ಮೇಲೆ ಸಾರ್ ತಮಿಳಿನಲ್ಲಿ ಬರೆದ ಚೀಟಿ: ಗಿಡ್ಡ ಕಾಲು, ಬೂಸ್ಟರಿಗೆ.

ವಾರ್ಡನ್ ಕೂಗುತ್ತಿದ್ದಾರೆ, ಅಪ್ಪನ ಫೋನಂತೆ. ಏನು ಹೇಳಬೇಕೋ ಯೋಚಿಸಿಟ್ಟಿದ್ದೇನೆ — ಅಪ್ಪಾ, ಆ ಬುಟ್ಟಿ ಜಂತಿಯಿಂದ ಇಳಿಸಿ ಕೋಳಿ ಮೇಲೆ ಕವುಚಿಬಿಡು.