ಮಾಸೂರಿಗೆ ಹೋದ ಹಳೆಯ ಪಟ್ಟಿ

ಹಿರೇಕೆರೂರು
ಆಗಸ್ಟ್ 1989

ನನ್ನ ಮುದ್ದು ಕುಲಸುಮಾ,

ನಾಡಿದ್ದು ನೀನು ಅಮ್ಮನ ಜೊತೆ ಶಿಗ್ಗಾವಿಗೆ ಹೊರಡುತ್ತೀಯಂತೆ. ನಿನ್ನ ಚಾಚಾ ನಬೀಸಾಬರು ಮುಂಜಾನೆ ನಮ್ಮ ದವಾಖಾನೆಗೆ ಔಷಧಿಗೆ ಬಂದಾಗ ಹೇಳಿದರು. ನಿನ್ನಮ್ಮ ರಮಜಾನಬಿಗೆ ತವರಿನಲ್ಲಿ ಹೊಲಿಗೆಯ ಕೆಲಸ ಸಿಕ್ಕಿದೆ, ನಿನಗೆ ಅಲ್ಲಿಯ ಶಾಲೆಯಲ್ಲಿ ಹೆಸರು ಹಚ್ಚಿದ್ದಾರೆ ಎಂದು ಕೇಳಿ ಮೊದಲು ಖುಷಿಯಾಯಿತು. ಅವರು ಹೋದ ಮೇಲೆ ಈ ಕಾಗದ ಬರೆಯಲು ಕುಳಿತೆ. ಶಿಗ್ಗಾವಿಯ ಯಾವ ದವಾಖಾನೆಯಲ್ಲೂ ನಿನ್ನನ್ನು ಬಲ್ಲವರಿಲ್ಲ. ಹೋದ ವರ್ಷ ಕೆರೆಯ ಏರಿಯ ಮೇಲೆ ನೀನು ನನ್ನ ಗದ್ದ ಹಿಡಿದು, "ನೀ ಯಾಕ ಅಳಾಕತ್ತಿ ವಿಮಲಕ್ಕಾ?" ಎಂದು ಕೇಳಿದ್ದೆ. ಆಗ ಏನೂ ಹೇಳಲಿಲ್ಲ. ಈಗ ಹೇಳದೆ ನಿನ್ನನ್ನು ಬೇರೆ ಊರಿಗೆ ಕಳಿಸಲು ನನ್ನಿಂದ ಆಗುವುದಿಲ್ಲ. ತಿಳಿಯದ ಕಡೆ ಅಮ್ಮನನ್ನು ಕೇಳು. ಅವಳಿಗೂ ತಿಳಿಯದ್ದನ್ನು ದೊಡ್ಡವಳಾದ ಮೇಲೆ ಓದಿಕೋ.

ನಿನಗೆ ಎಂಟು ವರ್ಷವಾಗಿದ್ದಾಗ ಮೊಣಕಾಲು ಬಾತು ಜ್ವರ ಬಂದಿತ್ತು. ಆ ಜ್ವರ ಕೀಲುಗಳನ್ನು ಬಿಟ್ಟು ಹೋಗುವಾಗ ಎದೆಗೆ ಗಾಯ ಮಾಡಿ ಹೋಗುತ್ತದೆ. ಮತ್ತೆ ಬಾರದಿರಲೆಂದು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಿದ್ದೆವು. ನೀನು ಅಳುತ್ತಿದ್ದೆ, ಆದರೆ ಚಾಚಾ ಕೊಡಿಸುವ ಪೆಪ್ಪರಮಿಂಟಿನ ಆಸೆಗೆ ಕೈ ಚಾಚುತ್ತಿದ್ದೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ಅಮ್ಮ ನಿನ್ನನ್ನು ಇಲ್ಲಿಗೇ ಕರೆತಂದಿದ್ದಳು. ಇಂಜೆಕ್ಷನ್ ಆಗಿ ಬಾಗಿಲು ದಾಟುವಷ್ಟರಲ್ಲಿ ನಿನ್ನ ಮೈಯೆಲ್ಲ ದದ್ದು ಎದ್ದಿತು. ತುಟಿ ಬಾತುಕೊಂಡಿತು. ಉಸಿರು ಎಳೆದರೆ ಸಿಳ್ಳೆ ಹೊಡೆದ ಹಾಗೆ ಸದ್ದು. ನಿನ್ನ ಉಗುರುಗಳು ನೀಲಿಯಾಗುವುದನ್ನು ನಾನು ಕಣ್ಣಾರೆ ಕಂಡೆ. ನರಸಿಂಹ ಡಾಕ್ಟರರು ಬೇರೆ ಔಷಧಿ ಚುಚ್ಚಿ ನಿನ್ನನ್ನು ಉಳಿಸಿಕೊಂಡರು. ಬೆವರು ಒರೆಸಿಕೊಳ್ಳುತ್ತ, "ಬರಕೋರಿ ವಿಮಲಾಬಾಯಿ. ಈಕಿಗೆ ಇನ್ನ ಜನ್ಮದಾಗ ಪೆನಿಸಿಲಿನ್ ಮುಟ್ಟಿಸಬಾರದು. ಇನ್ನೊಮ್ಮೆ ಆದ್ರ ಉಳಿಯೂದಿಲ್ಲ," ಎಂದರು. ನಾನು ಬರೆದುಕೊಂಡೆ. ಕಂಪ್ಯೂಟರಿನಲ್ಲಿ.

ಆ ಯಂತ್ರವನ್ನು ನೀನು ಕಿಟಕಿಯಿಂದ ಇಣುಕಿ ನೋಡಿದ್ದೀ. ಎದೆಗೆ ಜ್ವರ ತಾಗಿದ ಮಕ್ಕಳ ಲೆಕ್ಕವಿಡಲು ಪರದೇಶದ ಒಂದು ಧರ್ಮಸಂಸ್ಥೆ ಅದನ್ನು ದಾನ ಕೊಟ್ಟಿತ್ತು. ಹುಬ್ಬಳ್ಳಿಗೆ ಹೋಗಿ ಅದರ ಕೆಲಸ ಕಲಿತು ಬಂದವಳು ನಾನೊಬ್ಬಳೇ. ಅದರೊಳಗೆ ಎರಡು ಡಿಸ್ಕುಗಳಿದ್ದವು. ಎಡದ್ದರಲ್ಲಿ ಬರೆದ ಪ್ರತಿಯೊಂದು ಅಕ್ಷರವನ್ನೂ ಯಂತ್ರ ತಾನಾಗಿಯೇ ಬಲದ್ದರಲ್ಲೂ ಬರೆಯುತ್ತಿತ್ತು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಹೀಗೆ ಜೋಡಿ ಪ್ರತಿ ಇರುವುದರಿಂದಲೇ ಹಳ್ಳಿಗಳಿಗೆ ಹೋಗುವ ಜೀಪಿಗೆ ಕಂಪ್ಯೂಟರ್ ಅಚ್ಚು ಮಾಡಿದ ಪಟ್ಟಿಯನ್ನಷ್ಟೇ ಕೊಟ್ಟು ಕಳಿಸುವ ಪದ್ಧತಿ ಬಂದಿತ್ತು. ನಿಮ್ಮ ಕೈಯಲ್ಲಿದ್ದ ಕಾರ್ಡಿನಲ್ಲಿ ಹೆಸರು ಮತ್ತು ನಂಬರು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಿನಗೆ ಉಸಿರು ಕಟ್ಟುವ ಎರಡು ದಿನ ಮೊದಲೇ ಬಲಗಡೆಯ ಡಿಸ್ಕು ಜೋಡಿಯಿಂದ ಕಳಚಿಕೊಂಡಿತ್ತು. ಅದು ಕೆಟ್ಟಿರಲಿಲ್ಲ, ತಿರುಗುತ್ತಲೇ ಇತ್ತು. ಆದರೆ ಹೊಸದೇನೂ ಅದರ ಮೇಲೆ ಬೀಳುತ್ತಿರಲಿಲ್ಲ. ಯಂತ್ರ ಎಡದ್ದೊಂದನ್ನೇ ನಂಬಿ ಸದ್ದಿಲ್ಲದೆ ನಡೆದಿತ್ತು. ದೀಪ ಆರಲಿಲ್ಲ, ಗಂಟೆ ಬಾರಿಸಲಿಲ್ಲ.

ಮೂರು ವಾರ ಹೀಗೇ ಕಳೆಯಿತು. ಒಂದು ಸೋಮವಾರ ಗಾಳಿಮಳೆಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು. ಆ ಹೊಡೆತಕ್ಕೆ ಎಡಗಡೆಯ ಡಿಸ್ಕು ತಿರುಗುವುದನ್ನೇ ನಿಲ್ಲಿಸಿತು. ಯಂತ್ರ ಬಲದ್ದನ್ನು ಹಿಡಿದು ಎದ್ದು ನಿಂತಿತು. ಹಾಗೆ ಎದ್ದಾಗಲೆಲ್ಲ ತನ್ನ ಫೈಲುಗಳನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ನಾನು ಎದುರಿಗೇ ಕುಳಿತಿದ್ದೆ. ಒಂದೂ ತಪ್ಪಿಲ್ಲ ಎಂದು ತೋರಿಸಿತು. ನಿಜವಾಗಿಯೂ ತಪ್ಪಿರಲಿಲ್ಲ, ಎಲ್ಲವೂ ಅಚ್ಚುಕಟ್ಟಾಗಿತ್ತು, ಎಲ್ಲವೂ ಮೂರು ವಾರ ಹಳೆಯದಾಗಿತ್ತು.

ಮಂಗಳವಾರ ಡಾಕ್ಟರರೇ ಜೀಪಿನ ಜೊತೆ ಅಕ್ಕಿಆಲೂರಿಗೆ ಹೋಗಿದ್ದರಿಂದ ಇಲ್ಲಿ ರೋಗಿಗಳಿರಲಿಲ್ಲ. ಬುಧವಾರ ಜೀಪು ನಿಮ್ಮೂರು ಮಾಸೂರಿನ ಕಡೆ ಹೊರಟು ಹೋದ ಸ್ವಲ್ಪ ಹೊತ್ತಿಗೆ ಫಕ್ಕೀರಪ್ಪ ಎಂಬುವರು ಮಗನನ್ನು ಕರೆದುಕೊಂಡು ಬಂದರು. ಅವರ ಕಾರ್ಡಿನ ನಂಬರು ಒತ್ತಿದೆ. ಇಂಥ ನಂಬರಿನವರು ಇಲ್ಲ ಎಂದಿತು ಯಂತ್ರ. ಮತ್ತೆ ಒತ್ತಿದೆ. ಇಲ್ಲ.

"ಹ್ವಾದ ವಾರ ನೀವ ಬರಕೊಂಡಿದ್ರೆಲ್ಲರಿ ಬಾಯಾರ," ಎಂದರು ಫಕ್ಕೀರಪ್ಪ.

ಹೌದು, ನಾನೇ ಬರೆದಿದ್ದೆ. ಆ ಹುಡುಗನ ಹರಿದ ಅಂಗಿಯೂ ನೆನಪಿತ್ತು. ಅವನ ಹಿಂದಿನ ನಂಬರು ನೋಡಿದೆ, ಅದೂ ಇಲ್ಲ. ಅದರ ಹಿಂದಿನದು ಇಲ್ಲ. ಮೂರು ವಾರದ ಮಕ್ಕಳೆಲ್ಲ ಹುಟ್ಟೇ ಇಲ್ಲವೆಂಬಂತೆ ಅಳಿಸಿ ಹೋಗಿದ್ದರು. ಒಮ್ಮೆಲೇ ನಿನ್ನ ನೀಲಿ ಉಗುರು ಕಣ್ಣ ಮುಂದೆ ಬಂತು. ನಿನ್ನ ನಂಬರು ಒತ್ತಿದೆ. ನಿನ್ನ ಹೆಸರು ಬಂತು. ನಾನು ಬರೆದ ಎಚ್ಚರಿಕೆ ಬರಲಿಲ್ಲ. ಅದಿರಬೇಕಾದ ಜಾಗದಲ್ಲಿ, ಈ ಹುಡುಗಿಗೆ ಒಂದು ಇಂಜೆಕ್ಷನ್ ತಪ್ಪಿದೆ, ಮರೆಯದೆ ಹಾಕತಕ್ಕದ್ದು ಎಂದಿತ್ತು. ನಾನು ಓದಿ ನೋಡದೆ ಜೀಪಿಗೆ ಕೊಟ್ಟ ಪಟ್ಟಿಯಲ್ಲೂ ಅದೇ ಇತ್ತು, ಎಲ್ಲರಿಗಿಂತ ಮೇಲೆ.

ಓಡಿ ಹೋಗಿ ಡಾಕ್ಟರರಿಗೆ ಹೇಳಿದೆ. ಅವರ ಮುಖದ ಬಣ್ಣ ಹೋಯಿತು. ಮಾಸೂರಿನ ಪೋಸ್ಟಿಗೆ ಫೋನ್ ಹಚ್ಚಿದರು. ಲೈನ್ ಸತ್ತಿತ್ತು. ನಿನಗೆ ಆವತ್ತು ಜೀವ ಕೊಟ್ಟ ಅದೇ ಔಷಧಿಯ ಸೀಸೆಯನ್ನೂ ಸಿರಿಂಜನ್ನೂ ಕಂಪೌಂಡರ್ ಗೌಸಸಾಬರ ಜೇಬಿಗೆ ತಾವೇ ತುರುಕಿದರು. "ವಿಮಲಾಬಾಯಿನ್ನ ಕೂಡ್ರಿಸಿಕೊಂಡು ಹೋಗ್ರಿ. ಹುಡುಗಿ ಮಾರಿ ಆಕಿಗೆ ಗೊತ್ತೈತಿ. ನಾ ಫೋನ್ ಮಾಡತಾನ ಇರ್ತೇನಿ," ಎಂದರು.

ಗೌಸಸಾಬರ ಮೋಟರ್‌ಸೈಕಲ್ ಮೇಲೆ ಸೀರೆ ಬಿಗಿಹಿಡಿದು ಕುಳಿತೆ. ಅದುವರೆಗೆ ನಾನು ಪರಪುರುಷನ ಹಿಂದೆ ಗಾಡಿ ಹತ್ತಿದವಳಲ್ಲ. ಸವಣೂರಿನ ನಮ್ಮ ಓಣಿಯವರು ನೋಡಿದ್ದರೆ ಏನೆನ್ನುತ್ತಿದ್ದರೋ. ಅದು ಕೂಡ ಆಮೇಲೆ ಹೊಳೆದದ್ದು. ರಸ್ತೆ ಕೆಸರಾಗಿತ್ತು, ಗಾಡಿ ಜಾರಿ ಜಾರಿ ಸರಿಯಾಗುತ್ತಿತ್ತು. ಗೌಸಸಾಬರ ಒಂದು ಕೈ ಆಗಾಗ ಜೇಬು ಮುಟ್ಟಿ ಸೀಸೆ ಇದೆಯೇ ಎಂದು ನೋಡಿಕೊಳ್ಳುತ್ತಿತ್ತು. ಅಮ್ಮ ಜೊತೆಗಿದ್ದರೆ ಬೇಡವೆಂದು ಹೇಳಿಯಾಳು ಎಂದು ಧೈರ್ಯ ತಂದುಕೊಂಡೆ. ಗದ್ದೆಗಳಲ್ಲಿ ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಕಂಡರು. ನಾಟಿಯ ದಿನ ನಿನ್ನಮ್ಮ ಕೂಲಿ ಬಿಟ್ಟು ಬರುವುದಿಲ್ಲ. ಇದ್ದ ಧೈರ್ಯವೂ ಹೋಯಿತು.

ಮಾಸೂರಿನ ಶಾಲೆಯ ಕಟ್ಟೆಯ ಮೇಲೆ, ಜೀಪಿನಲ್ಲಿ ಬಂದಿದ್ದ ನರ್ಸ್ ಅಡಿವೆವ್ವ ಕುಳಿತಿದ್ದಳು. ನಿನಗೆ ಉಸಿರು ಕಟ್ಟಿದ ದಿನ ಅವಳು ದವಾಖಾನೆಯಲ್ಲಿರಲಿಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ. ಕುಲಸುಮಾ ಎಲ್ಲಿ ಎಂದು ಕೂಗಿದೆ.

"ಆ ಹುಡಿಗಿ? ಕೈ ಕಚ್ಚಿ ಓಡಿ ಹೋದಳ್ರಿ. ಅವರ ಅಜ್ಜಿ ಕರಕೊಂಡು ಬಂದಿದ್ರು. ಈಗ ಚಾಚಾ ಹುಡುಕಾಕ ಹೋಗ್ಯಾರ. ಸಿಕ್ಕ ಕೂಡ್ಲೇ ಹಾಕ್ತೇನಿ, ಔಷಧಿ ತುಂಬಿ ಇಟ್ಟೇನಿ ನೋಡ್ರಿ."

ಅರಿವೆಯ ಮೇಲೆ ಸೂಜಿ ತುಂಬಿ ಮಲಗಿತ್ತು. ಅದನ್ನು ನೆಲಕ್ಕೆ ಚೆಲ್ಲಿಸಿ ಕೆರೆಯ ಕಡೆ ಓಡಿದೆ. ಈಗ ಇನ್ನೊಂದು ಹೆದರಿಕೆ ಹಿಡಿದಿತ್ತು. ಮದಗದ ಕೆರೆಗೆ ನೀರು ಬಂದಿತ್ತು, ಹೆದರಿದ ಮಗು ಎಲ್ಲಿ ಕಾಲಿಟ್ಟೀತು?

ಏರಿಯ ಮೇಲೆ ನಬೀಸಾಬರು ನಿನ್ನನ್ನು ಹೆಗಲಿಗೆ ಹೊತ್ತು ಬರುತ್ತಿದ್ದರು. ತೂಬಿನ ಕಲ್ಲಿನ ಹಿಂದೆ ಮುದುಡಿ ಕುಳಿತಿದ್ದೆಯಂತೆ. ನೀನು ಅವರ ಬೆನ್ನಿಗೆ ಗುದ್ದುತ್ತ, "ಸೂಜಿ ಬ್ಯಾಡ, ಉಸರ ನಿಲ್ಲತೈತಿ, ನಾ ಸಾಯ್ತೇನಿ," ಎಂದು ಚೀರುತ್ತಿದ್ದೆ.

"ಬರೇ ನಾಟಕ ನೋಡ್ರಿ ಬಾಯಾರ," ಎಂದು ಅವರು ನಕ್ಕರು, ಹೆದರಿಯಾರೆಂದು ಅಮ್ಮ ನಿನಗೆ ಉಸಿರು ಕಟ್ಟಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. "ನನ್ನ ಮ್ಯಾಲೆ ಬಿಡ್ರಿ, ಹಿಡದು ಹಾಕಸ್ತೇನಿ."

"ಆಕಿ ಹೇಳೂದು ಖರೆ ಐತ್ರಿ. ಇಳಸ್ರಿ ಆಕಿನ್ನ," ಎಂದೆ. ಅವರು ಇಳಿಸಿದರು. ನಾನು ಕೆಸರಿನಲ್ಲಿ ಕುಳಿತುಬಿಟ್ಟೆ. ನೀನು ಗದ್ದ ಹಿಡಿದು ಕೇಳಿದ್ದು ಆಗ.

ಗುರುವಾರ ಹುಬ್ಬಳ್ಳಿಯಿಂದ ಇಂಜಿನಿಯರ್ ಪ್ರಾಣೇಶ ಬಂದರು. ಎಡಗಡೆಯ ಡಿಸ್ಕನ್ನು ಬಿಚ್ಚಿ, ಮೆಲ್ಲಗೆ ತಟ್ಟಿ ಹಚ್ಚಿದರು. ಅದು ತಿರುಗಿತು. ಎಲ್ಲ ಮುಗಿಯಿತೆಂದು ನಾನು ಉಸಿರು ಬಿಟ್ಟರೆ, ಪ್ರಾಣೇಶರ ಹಣೆಯ ಮೇಲೆ ಬೆವರು ಬಂದಿತ್ತು. ಈಗ ಎರಡೂ ಡಿಸ್ಕುಗಳು ತಾವೇ ಸರಿ ಎನ್ನುತ್ತಿದ್ದವು. ಜೋಡಿ ಮಾಡಬೇಕಾದರೆ ಒಂದನ್ನು ಇನ್ನೊಂದರ ಮೇಲೆ ಪೂರ್ತಿ ಬರೆಯಬೇಕು. ತಿರುವುಮುರುವಾದರೆ ಹಳೆಯದು ಹೊಸದನ್ನು ನುಂಗಿ ಹಾಕುತ್ತದೆ, ಆಮೇಲೆ ಯಾರಿಗೂ ಅದನ್ನು ತರಲಾಗುವುದಿಲ್ಲ. ಯಂತ್ರ ತನ್ನಷ್ಟಕ್ಕೆ ಬಲದ್ದನ್ನೇ ಮೂಲವೆಂದು ಆರಿಸಿ ತೋರಿಸುತ್ತಿತ್ತು, ಸೋಮವಾರದಿಂದ ಅದರ ಮೇಲೇ ನಡೆದಿತ್ತಲ್ಲ. ಪ್ರಾಣೇಶರು ಕೈ ಹಿಂದಕ್ಕೆ ಎಳೆದುಕೊಂಡರು. "ಗುಂಡಿ ಒತ್ತೂಕಿಂತ ಮೊದಲ ಒಂದು ಖಾತ್ರಿ ಬೇಕ್ರಿ. ಯಾವುದರಾಗ ಇದ್ದದ್ದು ಖರೆ ಅಂತ ಹೆಂಗ ತಿಳೀಬೇಕು?" ಎಂದರು. ನಿನ್ನ ನಂಬರು ಹೇಳಿದೆ. ಬಲದ್ದರಲ್ಲಿ ಇಂಜೆಕ್ಷನ್ ಹಾಕತಕ್ಕದ್ದು ಎಂದು ಬಂತು. ಎಡದ್ದರಲ್ಲಿ ನಾನು ಬರೆದ ಸಾಲು ಹಾಗೇ ಇತ್ತು. ಎಡದ್ದನ್ನು ಟೇಪಿಗೆ ಒಂದು ಪ್ರತಿ ತೆಗೆದಿಟ್ಟೆವು. ಆಮೇಲೆ ಪ್ರಾಣೇಶರು ಮೂಲ ಬದಲಿಸಿ ಗುಂಡಿ ಒತ್ತಿದರು. ಅದು ಬರೆದು ಮುಗಿಸುವವರೆಗೆ ನಾವಿಬ್ಬರೂ ಚಹಾ ಕೂಡ ಮುಟ್ಟಲಿಲ್ಲ.

ಸೋಮವಾರದಿಂದ ಹಳೆಯದರ ಮೇಲೆ ಬಿದ್ದಿದ್ದನ್ನು ನಾನು ಕೈಯಾರೆ ಮತ್ತೆ ತುಂಬಿದೆ. ಮಂಗಳವಾರ ಹಳೆಯ ಪಟ್ಟಿ ನೋಡಿ ಅಕ್ಕಿಆಲೂರಿನ ಇಬ್ಬರು ಮಕ್ಕಳಿಗೆ ಅವಧಿಗೆ ಮೊದಲೇ ಎರಡನೆಯ ಇಂಜೆಕ್ಷನ್ ಬಿದ್ದಿತ್ತು. ಡಾಕ್ಟರರು ಹೋಗಿ ನೋಡಿ ಬಂದರು. ಏನೂ ಆಗಿರಲಿಲ್ಲ. ಈಗ ಪ್ರತಿಯೊಂದು ಕಾರ್ಡಿನ ಮೇಲೂ ಬೇಡವಾದ ಔಷಧಿಯನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಎರಡೂ ಡಿಸ್ಕುಗಳಿಂದ ಬೇರೆ ಬೇರೆಯಾಗಿ ನಿನ್ನ ಹೆಸರನ್ನು ತೆಗೆದು ಓದುತ್ತೇನೆ. ಎರಡರಲ್ಲೂ ಒಂದೇ ಸಾಲು ಬಂದರೂ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ, ಕುಲಸುಮಾ. ಎಲ್ಲ ಸರಿಯಿದೆ ಎಂದು ತೋರಿಸಿದಾಗಲೇ ಹೆಚ್ಚು ಹೆದರಿಕೆಯಾಗುತ್ತದೆ. ಈ ಹೆದರಿಕೆ ಇನ್ನು ನನ್ನನ್ನು ಬಿಡುವುದಿಲ್ಲ, ಬಿಡುವುದೂ ಬೇಡ.

ಆ ದಿನ ನಿನ್ನನ್ನು ಉಳಿಸಿದ್ದು ನಾನಲ್ಲ ಎಂಬುದು ನಿನಗೆ ಗೊತ್ತಿರಬೇಕು. ನಾನು ಬಂದು ಮುಟ್ಟುವ ಹೊತ್ತಿಗೆ ಸೂಜಿ ತುಂಬಿ ಆಗಿತ್ತು. ನೀನು ಓಡದಿದ್ದರೆ ತಡವಾಗಿರುತ್ತಿತ್ತು. ದೊಡ್ಡವರೆಲ್ಲ ನಗುತ್ತಿದ್ದಾಗ ನೀನೊಬ್ಬಳು ನಿನ್ನ ಮೈಗೆ ಆದದ್ದನ್ನು ನಂಬಿದೆ. ಶಿಗ್ಗಾವಿಯಲ್ಲೂ, ಮುಂದೆ ಯಾವ ಊರಿನಲ್ಲೂ, ಜ್ವರ ಬಂದರೂ, ಹಲ್ಲು ನೋವಾದರೂ, ಹೆರಿಗೆಗೆ ಮಲಗಿದರೂ, ಯಾರಾದರೂ ಸೂಜಿ ಕೈಗೆತ್ತಿಕೊಂಡರೆ ಮೊದಲು ಹೇಳು: "ನನಗ ಪೆನಿಸಿಲಿನ್ ಆಗೂದಿಲ್ಲ." ನಕ್ಕರೆ ಇನ್ನೊಮ್ಮೆ ಹೇಳು. ಬೈದರೆ ಗಟ್ಟಿಯಾಗಿ ಹೇಳು. ಕೇಳದಿದ್ದರೆ, ನನ್ನ ತಾಯೇ, ಕೈ ಕಚ್ಚಿ ಓಡು.

ನಿನ್ನ ಎದೆ ಗಟ್ಟಿಯಾಗಲಿ, ಉಸಿರು ತುಂಬಿ ಬರಲಿ, ನೀನು ಮುದುಕಿಯಾಗಿ ಮೊಮ್ಮಕ್ಕಳನ್ನು ಗದರಿಸುವಂತಾಗಲಿ.

ಎಂದೆಂದಿಗೂ ನಿನ್ನ
ವಿಮಲಕ್ಕ