ಯಾರೂ ಕೇಳದ ನಾಲ್ಕನೆಯ ಹಾಡು

ತಿಳವಳ್ಳಿ ಹತ್ತಿರ, ನಮ್ಮೂರು
ಸೋಮವಾರ, 14 ಜುಲೈ 2025

ಪ್ರೀತಿಯ ಹೇಮಕ್ಕನಿಗೆ,

ಜೈಭೀಮ್. ಎಲ್ಲರೂ ಆರಾಮ ಇದ್ದೇವೆ ಎಂದು ಬರೆಯಲು ಪೆನ್ನು ಹಿಡಿದೆ, ಆಗಲಿಲ್ಲ. ಫೋನ್ ಮಾಡಿದರೆ ಅವ್ವ ಪಕ್ಕದಲ್ಲೇ ಬಂದು ಕೂರುತ್ತಾಳೆ. ವಾಟ್ಸಾಪಿನಲ್ಲಿ ಬರೆದರೆ ನೀನು ಓದುವ ಮೊದಲೇ ನಾನು ಅಳಿಸಿಬಿಡುತ್ತೇನೆ. ಅದಕ್ಕೆ ಕಾಗದ. ನಾಳೆ ದಿಲ್ಶಾದ ಶಿಗ್ಗಾವಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಆಸ್ಪತ್ರೆಯಲ್ಲಿ ನಿನಗೆ ರಜೆ ಸಿಗುವುದು ಕಷ್ಟ ಎಂದು ಗೊತ್ತು. ಆದರೂ ಈ ವಾರವೇ ಬಾ. ನಮ್ಮ ಬ್ಯಾಂಡಿನ ಲೋಹಿತನ ಅಜ್ಜಿ ಸರೋಜವ್ವ ಹಾಸಿಗೆ ಹಿಡಿದಿದ್ದಾಳೆ. ಆಕೆಯ ಜೀವ ಹೋಗುವುದರೊಳಗೆ ನೀನು ಮನೆಯಲ್ಲಿರಬೇಕು. ಅಪ್ಪನನ್ನು ಹಿಡಿದು ನಿಲ್ಲಿಸಲು ಇಲ್ಲಿ ಬೇರೆ ಯಾರೂ ಇಲ್ಲ.

ನಮ್ಮ ಆಲ್ಬಮ್ ನೀನು ಪೂರ್ತಿ ಕೇಳಿಲ್ಲ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿದೆ, ಸಾಕು ಮಾಡು ಎಂದಿದ್ದೆ. ಮೆಟಲ್ ಮೊದಲು ಹಾಗೆಯೇ ಕೇಳಿಸುತ್ತದೆ. ನಮ್ಮದು ಪ್ರೊಗ್ರೆಸಿವ್ ಮೆಟಲ್. ಹಾಡು ಒಂದೇ ತಾಳದಲ್ಲಿ ಕೂರುವುದಿಲ್ಲ, ಏಳರ ಎಣಿಕೆಗೆ ಹೋಗುತ್ತದೆ, ಐದಕ್ಕೆ ಇಳಿಯುತ್ತದೆ. ಪಿಯುಸಿಯಲ್ಲಿ ಕೂರಲಾರದೆ ಎದ್ದುಬಂದ ನನಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಸನಸಾಬರ ಗೋದಾಮಿನಲ್ಲಿ ಗೋವಿನಜೋಳದ ಚೀಲಗಳನ್ನು ಸುತ್ತ ಒಟ್ಟಿ, ಸಪ್ಪಳ ಗೋಡೆಗೆ ಬಡಿದು ಮರಳದಂತೆ ಮಾಡಿ ರೆಕಾರ್ಡ್ ಮಾಡಿದೆವು. ಲೋಹಿತ ಗಿಟಾರ್, ಹಸನಸಾಬರ ಮಗಳು ದಿಲ್ಶಾದ ಬೇಸ್, ನಾನು ಡ್ರಮ್ಸ್. ಆರು ಹಾಡು, ನಲವತ್ಮೂರು ನಿಮಿಷ. ನಾಲ್ಕನೆಯದನ್ನಾದರೂ ಕೇಳು. ಗಿಟಾರ್ ಏಳರಲ್ಲಿ ನಡೆಯುತ್ತದೆ, ಹಲಗೆ ಒಂಬತ್ತರಲ್ಲಿ. ಒಂದನ್ನೊಂದು ತಳ್ಳುತ್ತ, ತಪ್ಪಿಸುತ್ತ ಹೋಗಿ, ಅರವತ್ಮೂರು ಎಣಿಸಿದ ಮೇಲೆ ಎರಡೂ ಒಂದೇ ಪೆಟ್ಟಿಗೆ ಬಂದು ಬೀಳುತ್ತವೆ. ನನ್ನದೆಂದು ಹೇಳುತ್ತಿಲ್ಲ, ಅದು ದೊಡ್ಡ ಕೆಲಸ. ದೊಡ್ಡ ಊರಿನವರು ಮಾಡಿದ್ದರೆ ಮಂದಿ ಬರೆದು ಬರೆದು ಇಡುತ್ತಿದ್ದರು. ಒಂದು ವರ್ಷದಲ್ಲಿ ಅದನ್ನು ಕೇಳಿದ್ದು ಅರವತ್ತೊಂದು ಸಲ. ಅದರಲ್ಲಿ ನಲವತ್ತು ಸಲ ನಾನೇ.

ಆ ಹಲಗೆ ಬಾರಿಸಿದವನು ಅಪ್ಪ. ಬೌದ್ಧ ದೀಕ್ಷೆ ತಗೊಂಡ ದಿನ ಗೂಟಕ್ಕೆ ಹಾಕಿದ್ದನ್ನು ಹನ್ನೊಂದು ವರ್ಷ ಮುಟ್ಟಿರಲಿಲ್ಲ, ನಿನಗೆ ಗೊತ್ತು. ಹೆಣ ಎತ್ತುವಾಗಿನ ಬಡಿತ ತೋರಿಸು ಎಂದು ನಾನು ತಿಂಗಳುಗಟ್ಟಲೆ ಬೆನ್ನು ಬಿದ್ದೆ. ಕೊನೆಗೊಂದು ಮಧ್ಯಾಹ್ನ ತಾನೇ ಗೋದಾಮಿಗೆ ಬಂದ. ಹೊರಗೆ ಕಸಕಡ್ಡಿಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗಲೆಂದು ಹಲಗೆ ಕಾಸಿದ. ಬಾರಿಸುವ ಮೊದಲು ಲೋಹಿತನ ಕಡೆ ತಿರುಗಿ, ತಮ್ಮಾ, ನಿಮ್ಮ ಅಜ್ಜನ ಅಪ್ಪ ಸತ್ತಾಗ ನಮ್ಮಪ್ಪ ಜ್ವರದಾಗ ಬಾರಿಸಿದ್ದ, ನೀರು ಕೇಳಿದ್ರ ತೆಂಗಿನ ಚಿಪ್ಪಿನಾಗ ಹಾಕಿದ್ರು, ಇದು ಹಾಡಿಗೆ ಅಷ್ಟ, ಯಾರ ಹೆಣದ ಮುಂದೂ ಕೇಳಬಾರದು ಎಂದ. ಲೋಹಿತ ಹೂಂ ಅಂದ. ನಾನೂ ಹೂಂ ಅಂದೆ. ದಿಲ್ಶಾದ ಮಾತ್ರ, ಕೊಟ್ಟ ಮಾತು ಚೀಲದಾಗ ಇಡಬ್ಯಾಡ್ರಿ, ಇಲಿ ಭಾಳ ಅದಾವ ಎಂದು ನಗಿಸಿದಳು. ಅಪ್ಪ ನಾಲ್ಕು ನಿಮಿಷ ಬಾರಿಸಿದ. ಎಂಟು ಪೆಟ್ಟು, ಆಮೇಲೆ ಉಸಿರು ಹಿಡಿದ ಹಾಗೆ ಒಂದು ತಡೆ, ಆಮೇಲೆ ಒಂಬತ್ತನೆಯದು. ಆ ತಡೆ ಇನ್ಯಾರ ಕೈಗೂ ಬರುವುದಿಲ್ಲ.

ಹೋದ ಸೋಮವಾರ ಲೋಹಿತನ ಅಜ್ಜ ಕರಿಬಸಪ್ಪ ತೀರಿಕೊಂಡರು. ಊರ ಹಿರಿಯರು ಬಾರಿಸಲು ಬಾ ಎಂದು ಅಪ್ಪನಿಗೆ ಹೇಳಿ ಕಳಿಸಿದರು. ಹೂವಿನ ಹಾರ ತರ್ತೇನ್ರಿ, ಹಲಗಿ ತರಂಗಿಲ್ಲ ಎಂದ ಅಪ್ಪ. ಮೂರು ಗಂಟೆಗೆ ಹಾರ ಪಕ್ಕಕ್ಕಿಟ್ಟುಕೊಂಡು, ಅವ್ವ ಕೊಟ್ಟ ಚಹಾ ಕುಡಿಯುತ್ತಿದ್ದ. ಊರ ಅಗಸಿ ಬಾಗಿಲ ಕಡೆಯಿಂದ ಹಲಗೆ ಕೇಳಿತು. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರ್ ಕಟ್ಟಿದ್ದರು. ಗಿಟಾರ್ ಇಲ್ಲ, ಬೇಸ್ ಇಲ್ಲ, ಬರೀ ಹಲಗೆ. ಎಂಟು ಪೆಟ್ಟು ಬಿದ್ದು ಆ ತಡೆ ಬಂದ ಕೂಡಲೇ ಅಪ್ಪ ಕಪ್ ಕೆಳಗಿಟ್ಟನಂತೆ. ತನ್ನ ಕೈ ತನಗೆ ಗೊತ್ತಾಗದೆ ಇರುತ್ತದೆಯೇ.

ಮರುದಿನ ಚಹಾದಂಗಡಿಯಲ್ಲಿ ಒಂದೇ ಮಾತು: ಗುಡ್ಡಪ್ಪ ಬರಂಗಿಲ್ಲ ಅಂದ, ಅವನ ಕೈ ಬಂತು ನೋಡಲೇ. ಇನ್ನು ಮೇಲೆ ಯಾರನ್ನೂ ಕರೆಯುವುದು ಬೇಡ, ಆ ರೆಕಾರ್ಡಿಂಗ್ ಇರುವ ಪೆನ್‌ಡ್ರೈವ್ ಸಾಕು ಎಂದು ಹಿರಿಯರು ತೀರ್ಮಾನಿಸಿದ್ದಾರೆ. ಗಂಡ ಹೋದಾಗಿನಿಂದ ಸರೋಜವ್ವ ಅನ್ನ ಬಿಟ್ಟಿದ್ದಾಳೆ. ಅವರ ಮನೆ ಮುಂದೆ ಟ್ರ್ಯಾಕ್ಟರ್ ತೊಳೆದು ನಿಲ್ಲಿಸಿದ್ದಾರೆ, ಸ್ಪೀಕರ್ ಬಿಚ್ಚೇ ಇಲ್ಲ.

ಅಪ್ಪ ಯಾರನ್ನೂ ಏನೂ ಕೇಳಿಲ್ಲ. ದಿನಾ ಸಂಜೆ ಒಲೆಯ ಮುಂದೆ ಕೂತು ಹಲಗೆ ಕಾಸುತ್ತಾನೆ, ಬೆರಳಿನಿಂದ ಒಮ್ಮೆ ತಟ್ಟಿ ನೋಡುತ್ತಾನೆ, ಮತ್ತೆ ಗೂಟಕ್ಕೆ ಹಾಕುತ್ತಾನೆ. ಬಾರಿಸುವುದಿಲ್ಲ. ಯಾಕ ಕಾಸಾಕತ್ತಿ ಎಂದು ಅವ್ವ ಕೇಳಿದ್ದಕ್ಕೆ, ಮುಂದಿನ ಸಲ ಟ್ರ್ಯಾಕ್ಟರ್ ಮುಂದ ನಿಂತು ಅದರ ತಾಳ ಮುರೀತೇನಿ, ನನ್ನ ಮ್ಯಾಲೆ ಹಾದು ಹೋದ್ರ ಹೋಗ್ಲಿ ಎಂದ. ಉಪ್ಪು ಕೇಳಿದಷ್ಟು ಮೆಲ್ಲಗೆ ಹೇಳಿದ. ಅವರು ಬ್ರೇಕ್ ಹಾಕುತ್ತಾರೆಂದು ನನಗೆ ನಂಬಿಕೆಯಿಲ್ಲ ಅಕ್ಕಾ.

ರೆಕಾರ್ಡಿಂಗ್ ಕೊಟ್ಟವನು ಅವನೇ ಎಂದು ಓಣಿಯವರೆಲ್ಲ ಲೋಹಿತನನ್ನು ಬೈಯುತ್ತಿದ್ದಾರೆ. ಅವನು ಎರಡು ಸಲ ಬಾಗಿಲವರೆಗೆ ಬಂದು, ತಪ್ಪಾತು ಎವ್ವಾ ಎಂದ. ಅವ್ವ ಬಾಗಿಲು ತೆಗೆಯಲಿಲ್ಲ. ನಾನು ಒಳಗೇ ಇದ್ದೆ. ಆಲ್ಬಮ್ ತೆಗೆದುಹಾಕು ಎಂದು ದಿಲ್ಶಾದ ಹೇಳುತ್ತಾಳೆ. ತೆಗೆದರೆ ಪೆನ್‌ಡ್ರೈವಿನಲ್ಲಿರುವುದು ಹೋಗುವುದಿಲ್ಲ, ಅಪ್ಪ ತನ್ನ ಮನಸ್ಸಿನಿಂದ ಬಾರಿಸಿದ್ದು ಮಾತ್ರ ಹೋಗುತ್ತದೆ. ಹಾಡಿನ ಕೆಳಗೆ ‘ಹಲಗೆ: ಗುಡ್ಡಪ್ಪ’ ಎಂದು ಬರೆದಿದೆ. ಅವನ ಹೆಸರು ಇನ್ನೆಲ್ಲಿ ಹಾಗೆ ಇದೆ ಹೇಳು.

ಬಂದು ಅವನ ಪಕ್ಕ ಕೂರು. ನಿನ್ನ ಮಾತು ಕೇಳುತ್ತಾನೆ.

ನಿನ್ನ ತಂಗಿ,
ಸಮತಾ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಬರೀ ಹಲಗೆಯ ರೆಕಾರ್ಡಿಂಗ್ ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ. ಅಜ್ಜ ಸತ್ತ ಬೆಳಿಗ್ಗೆ ಲೋಹಿತ ಫೋನ್ ಮಾಡಿ, ಮನಿಯವರು ಹಟ ಹಿಡದಾರ, ನೀ ಬ್ಯಾಡ ಅಂದ್ರ ಇಲ್ಲಂತ ಹೇಳಿಬಿಡ್ತೇನಿ ಎಂದ. ಎಷ್ಟು ಮಂದಿ ಬರ್ತಾರೋ ಎಂದು ನಾನು ಕೇಳಿದೆ. ಐದು ಊರಿನವರು ಎಂದ. ನಾನೇ ಕಳಿಸಿದೆ. ಅವನು ಇಂದಿಗೂ ನನ್ನ ಹೆಸರು ಹೇಳಿಲ್ಲ. ಆ ಮಧ್ಯಾಹ್ನ ನಾನು ಮನೆಯಲ್ಲಿರಲಿಲ್ಲ, ಶಾಲೆಯ ಮಾಳಿಗೆಯ ಮೇಲೆ ನಿಂತು ಕೇಳುತ್ತಿದ್ದೆ. ಅಷ್ಟು ಮಂದಿ ಸುಮ್ಮನೆ ನಿಂತು ಕೇಳುತ್ತಿದ್ದರು. ನನಗೆ ಖುಷಿಯಾಗಿತ್ತು. ಇವತ್ತು ಸಂಜೆ ಅಪ್ಪ ಒಲೆಯ ಮುಂದೆ ಕೂತಾಗ ಎಲ್ಲ ಹೇಳುತ್ತೇನೆ. ಖುಷಿಯಾಗಿತ್ತು ಎನ್ನುವುದನ್ನೂ ಹೇಳುತ್ತೇನೆ.